ಕರುಳಿನ ಹುಳುಗಳಿಗೆ ತಮ್ಮ ಜಾಗ ಗೊತ್ತಾಗುವುದು ಹೇಗೆ?

ಬೆಳ್ಳಿಚುಕ್ಕಿ:
ಎಲ್ಲರಿಗೂ ನಮಸ್ಕಾರ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಪರೀಕ್ಷೆಗೆ ಅಂತ ಒಂದು ಪಟ್ಟಿ ಬಾಯಿಪಾಠ ಮಾಡುತ್ತಾ ಕೂತಿದ್ದೆ. ದುಂಡುಹುಳು, ಸಣ್ಣ ಕರುಳಿನ ನಡುಭಾಗ. ಕೊಕ್ಕೆಹುಳು, ಸಣ್ಣ ಕರುಳಿನ ಮೇಲ್ಭಾಗ. ಚಾಟಿಹುಳು, ಕುರುಡುಕರುಳು, ಅಂದರೆ ದೊಡ್ಡ ಕರುಳು ಶುರುವಾಗುವ ಚೀಲ. ಸೂಜಿಹುಳು, ಅದೂ ಅಲ್ಲೇ, ಅಪೆಂಡಿಕ್ಸ್ ಸುತ್ತಮುತ್ತ. ಒಂದೊಂದು ಹುಳುವಿಗೆ ಒಂದೊಂದು ವಿಳಾಸ.

ಪಾಠ ಬಾಯಿಗೆ ಬಂತು, ಆದರೆ ಪ್ರಶ್ನೆಯೊಂದು ತಲೆಯಲ್ಲಿ ಕೂತುಬಿಟ್ಟಿದೆ. ಕರುಳು ಅಂದರೆ ಒಂದೇ ಕೊಳವೆ ಅಲ್ವಾ? ಒಳಗೆ ಕತ್ತಲೆ. ಹುಳುವಿಗೆ ಕಣ್ಣಿಲ್ಲ. ತಿಂದದ್ದೆಲ್ಲ ಮೇಲಿಂದ ತಳ್ಳಿಕೊಂಡು ಬರುತ್ತಲೇ ಇರುತ್ತದೆ. ಅಂಥದ್ದರಲ್ಲಿ ಇದೇ ನನ್ನ ಜಾಗ, ಇಲ್ಲೇ ನಿಲ್ಲಬೇಕು ಅಂತ ಹುಳುವಿಗೆ ತಿಳಿಯುವುದು ಹೇಗೆ? ತರಗತಿಯಲ್ಲಿ ಕೇಳಿದೆ. "ಅದು ಹೊಂದಾಣಿಕೆ" ಅಂತ ಒಂದೇ ಮಾತಿನಲ್ಲಿ ಮುಗಿಯಿತು. ನನಗೆ ಅದು ಉತ್ತರ ಅನ್ನಿಸಲಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗಾಜಿನಪಟ್ಟಿ:
ಒಳ್ಳೆ ಪ್ರಶ್ನೆ ತಂಗಿ. ನಾನು ಲ್ಯಾಬ್‌ನಲ್ಲಿ ಮಲಪರೀಕ್ಷೆ ಮಾಡುವವಳು. ಬಹಳ ವರ್ಷದಿಂದ ಇದೇ ಕೆಲಸ.

"ಒಂದೇ ಕೊಳವೆ" ಅಂದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಹೊರಗಿನಿಂದ ನೋಡಿದರೆ ಒಂದೇ ಕೊಳವೆ, ಒಳಗೆ ಮಾತ್ರ ಮೊಳಕ್ಕೊಂದು ಊರು. ಜಠರದಲ್ಲಿ ಕಡು ಹುಳಿ. ಅದನ್ನು ದಾಟಿದ ಕೂಡಲೇ ಪಿತ್ತರಸ, ಮೇದೋಜೀರಕ ರಸ ಎರಡೂ ಸುರಿದು ಆ ಹುಳಿ ಮುರಿಯುತ್ತದೆ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಸಕ್ಕರೆ, ಅಮೈನೋ ಆಮ್ಲ ಹೇರಳ, ಕೆಳಗೆ ಹೋದಂತೆ ದೇಹ ಹೀರಿಕೊಂಡು ಕಡಿಮೆಯಾಗುತ್ತದೆ. ಗೋಡೆಯ ಮೇಲಿನ ಬೆರಳಿನಂಥ ವಿಲ್ಲೈಗಳು ಮೇಲೆ ಉದ್ದ, ಕೆಳಗೆ ಗಿಡ್ಡ, ದೊಡ್ಡ ಕರುಳಿನಲ್ಲಿ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ಮೇಲೆ ತೀರಾ ಕಡಿಮೆ, ದೊಡ್ಡ ಕರುಳಿನಲ್ಲಿ ಕಿಕ್ಕಿರಿದಿರುತ್ತವೆ. ಆಮ್ಲಜನಕವೂ ಹಾಗೆ. ಗೋಡೆಯ ಪಕ್ಕದಲ್ಲಿ ರಕ್ತದಿಂದ ಜಿನುಗಿದ್ದು ಸ್ವಲ್ಪ ಇರುತ್ತದೆ, ಕೊಳವೆಯ ನಡುವೆ ಇಲ್ಲ ಅನ್ನುವಷ್ಟು ಕಡಿಮೆ. ಕಣ್ಣಿಲ್ಲದ ಹುಳುವಿಗೂ ದಾರಿಯುದ್ದಕ್ಕೂ ಗುರುತುಗಳಿವೆ ಅನ್ನು.

ಇನ್ನೊಂದು ಮಾತು. ಜಾಗ ಸಿಕ್ಕರೆ ಸಾಲದು, ಅಲ್ಲಿ ಉಳಿದುಕೊಳ್ಳುವುದು ದಿನವಿಡೀ ದುಡಿಮೆ. ದುಂಡುಹುಳುವನ್ನೇ ನೋಡು. ಹೆಣ್ಣು 20ರಿಂದ 35 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ. ಅದಕ್ಕೆ ಕೊಕ್ಕೆ ಇಲ್ಲ, ಹೀರುಬಟ್ಟಲಿಲ್ಲ, ಕರುಳಿನ ಗೋಡೆಗೆ ಕಚ್ಚಿಕೊಳ್ಳುವುದೇ ಇಲ್ಲ. ಮೈ ಬಿಗಿಮಾಡಿ ಗೋಡೆಗೆ ಒತ್ತಿಕೊಂಡು, ಹರಿವಿಗೆ ಎದುರಾಗಿ ಈಜುತ್ತಾ ಇದ್ದಲ್ಲೇ ಇರುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಪೈರಾಂಟೆಲ್ ಔಷಧಿ ನೋಡು. ಅದು ಹುಳುವಿನ ಸ್ನಾಯುಗಳನ್ನು ಸೆಟೆಸಿ ನಿಷ್ಕ್ರಿಯ ಮಾಡುತ್ತದೆ, ಅಷ್ಟೇ. ಈಜು ನಿಂತಿತು ಅಂದರೆ ಕರುಳೇ ಅದನ್ನು ಹೊರಗೆ ತಳ್ಳಿಬಿಡುತ್ತದೆ.

ಕುರಿಡಾಕ್ಟ್ರು:
ಗಾಜಿನಪಟ್ಟಿ ಅಕ್ಕ ಚೆನ್ನಾಗಿ ಹೇಳಿದರು. ನಾನು ಪಶುವೈದ್ಯ. ನನ್ನ ಕಡೆಯಿಂದ ಒಂದು ಉದಾಹರಣೆ ಕೊಡುತ್ತೇನೆ, ಇದು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ರಕ್ತ ಕಡಿಮೆಯಾಗಿ ಸತ್ತ ಕುರಿಯ ಹೊಟ್ಟೆ ಬಿಡಿಸಿದರೆ ನಾಲ್ಕನೇ ಹೊಟ್ಟೆಯಲ್ಲಿ, ಅದೇ ಹುಳಿರಸ ಇರುವ ನಿಜವಾದ ಜಠರದಲ್ಲಿ, ಸಾವಿರಾರು ಹುಳು ಮಿಸುಕಾಡುತ್ತಿರುತ್ತವೆ. ಹೀಮಾಂಕಸ್ ಅಂತ ಹೆಸರು. ಒಂದನ್ನು ಬೆರಳ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದರೆ ಕೆಂಪು ಬಿಳಿ ಎಳೆ ಹೊಸೆದ ದಾರದ ಹಾಗೆ ಕಾಣುತ್ತದೆ. ಕೆಂಪು ಅಂದರೆ ಅದರ ಕರುಳಿನಲ್ಲಿರುವ ಕುರಿಯ ರಕ್ತ. ಬಿಳಿ ಅಂದರೆ ಅದಕ್ಕೆ ಸುತ್ತಿಕೊಂಡ ಅಂಡಾಶಯ. ಹೆಣ್ಣುಹುಳು ಮಾತ್ರ ಹೀಗೆ. ಆದರೆ ಅಲ್ಲಿಂದ ಒಂದು ಗೇಣು ಮುಂದೆ, ಸಣ್ಣ ಕರುಳಿನಲ್ಲಿ, ಈ ಹುಳು ನೆಲೆ ನಿಂತಿರುವುದಿಲ್ಲ. ಅಲ್ಲಿ ಬೇರೆ ಹುಳು, ಟ್ರೈಕೋಸ್ಟ್ರಾಂಜಿಲಸ್, ಕೂದಲೆಳೆಯಷ್ಟು ತೆಳ್ಳಗಿನದು.

ಎರಡೂ ಹುಲ್ಲಿನ ಜೊತೆಗೇ ಒಳಗೆ ಬರುತ್ತವೆ, ಎರಡೂ ಮೂರನೇ ಹಂತದ ಮರಿಗಳಾಗಿ, ಮೈಮೇಲೆ ಹಳೇ ಚರ್ಮದ ಒಂದು ಕವಚ ಹೊದ್ದುಕೊಂಡು. ಆ ಕವಚ ಕಳಚುವ ತನಕ ಮರಿ ತಿನ್ನುವುದಿಲ್ಲ, ಬೆಳೆಯುವುದಿಲ್ಲ. ಈಗ ಮುಖ್ಯ ವಿಷಯ. ಹೀಮಾಂಕಸ್ ಮರಿ ಕವಚ ಕಳಚುವುದು ಮೊದಲ ದೊಡ್ಡ ಹೊಟ್ಟೆಯಲ್ಲಿ, ಅಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಬಿಸಿ ಸೇರಿ ಕೊಡುವ ಸೂಚನೆಗೆ. ಟ್ರೈಕೋಸ್ಟ್ರಾಂಜಿಲಸ್ ಮರಿ ಅದೇ ಹೊಟ್ಟೆಯಲ್ಲಿ ಸುಮ್ನೆ ಹಾದುಹೋಗುತ್ತದೆ. ಅದು ಕಳಚುವುದು ಜಠರದ ಹುಳಿ ತಾಗಿದ ಮೇಲೆ. ಅಂದರೆ ಇಬ್ಬರಿಗೂ ಕರೆ ಬರುವುದು ತಮ್ಮ ಮನೆಯಿಂದಲ್ಲ, ಮನೆಗಿಂತ ಒಂದು ನಿಲ್ದಾಣ ಹಿಂದಿನಿಂದ. ಇಳಿಯುವ ಜಾಗ ಬರುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇವಲ್ಲ, ಹಾಗೆ. 1950, 60ರ ದಶಕಗಳಲ್ಲಿ ರೋಜರ್ಸ್ ಮತ್ತು ಸಾಮರ್ವಿಲ್ ಎಂಬ ವಿಜ್ಞಾನಿಗಳು ಇದನ್ನು ಬಿಡಿಸಿದರು.

ಬೆಳ್ಳಿಚುಕ್ಕಿ:
ಡಾಕ್ಟ್ರೇ, ಇದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಕವಚ ಕಳಚುವುದು ಅಂತ ಒಂದು ಸಾಲು ಇದೆ, ಎಲ್ಲಿ, ಯಾಕೆ ಅಂತ ಇಲ್ಲ.

ಪ್ರಶ್ನೆಗಾರ:
ಎಲ್ಲ ಓದಿದೆ. ಆದರೂ ನನಗೊಂದು ಅನುಮಾನ. ಹುಳು ಜಾಗ "ಆರಿಸಿಕೊಳ್ಳುತ್ತದೆ", "ಗುರುತು ಹಿಡಿಯುತ್ತದೆ" ಅಂತ ನಾವೇ ಅದಕ್ಕೆ ಬುದ್ಧಿ ಕೊಡುತ್ತಿದ್ದೇವೆ ಅನ್ನಿಸುತ್ತದೆ. ಇನ್ನೂ ಸರಳವಾದ ಉತ್ತರ ಇರಬಹುದಲ್ಲ? ಮರಿಗಳು ಎಲ್ಲೆಂದರಲ್ಲಿ ಬೀಳುತ್ತವೆ. ಸರಿಹೋಗದ ಜಾಗದಲ್ಲಿ ಬಿದ್ದದ್ದು ಸಾಯುತ್ತದೆ ಅಥವಾ ಕೊಚ್ಚಿಹೋಗುತ್ತದೆ. ಸರಿಹೋದಲ್ಲಿ ಬಿದ್ದದ್ದು ಉಳಿಯುತ್ತದೆ. ನಾವು ಹೊಟ್ಟೆ ಕೊಯ್ದು ನೋಡುವಾಗ ಉಳಿದವು ಮಾತ್ರ ಕಾಣುತ್ತವೆ. ಬೀಜ ಎಲ್ಲ ಕಡೆ ಚೆಲ್ಲಿದರೂ ತೇವ ಇದ್ದಲ್ಲಿ ಮಾತ್ರ ಮೊಳಕೆ ಬಂದ ಹಾಗೆ. ಬೀಜ ಜಾಗ ಹುಡುಕಿತು ಅಂತ ಯಾರೂ ಹೇಳುವುದಿಲ್ಲ.

ಹಳೇಸಂಶೋಧಕ:
ಪ್ರಶ್ನೆಗಾರರೇ, ಇದು ನಿಜಕ್ಕೂ ಗಟ್ಟಿಯಾದ ಆಕ್ಷೇಪಣೆ. ಬಹಳ ಹುಳುಗಳ ವಿಷಯದಲ್ಲಿ ನಿಮ್ಮ ಮಾತಿಗೂ ಪಾಲಿದೆ. ಆದರೆ ಎಲ್ಲವೂ ಅಷ್ಟೇ ಅಲ್ಲ ಅಂತ ತೋರಿಸಿದ್ದು ಇಲಿಯ ಲಾಡಿಹುಳು, ಹೈಮೆನೋಲೆಪಿಸ್ ಡಿಮಿನ್ಯೂಟ. ನನ್ನ ಕೆಲಸದ ವರ್ಷಗಳಲ್ಲಿ ಜಾಸ್ತಿ ಹೊತ್ತು ಕಳೆದದ್ದು ಇದರ ಜೊತೆಗೇ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಲಾಡಿಹುಳುವಿಗೆ ಬಾಯಿಲ್ಲ, ಕರುಳೂ ಇಲ್ಲ. ಮೈಚರ್ಮದಿಂದಲೇ ಆಹಾರ ಹೀರಿಕೊಳ್ಳುತ್ತದೆ. ತಲೆಯಲ್ಲಿ ನಾಲ್ಕು ಹೀರುಬಟ್ಟಲು, ಅದರಿಂದ ಗೋಡೆ ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಅಲ್ಲೇ ನೆಟ್ಟಗೆ ಬಿದ್ದಿರುತ್ತದೆ ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. 1969ರಲ್ಲಿ ಕ್ಲಾರ್ಕ್ ರೀಡ್ ಮತ್ತು ಕಿಲೆಜಿಯನ್ ತೋರಿಸಿದ್ದು ಬೇರೆಯೇ. ಈ ಹುಳು ದಿನಕ್ಕೊಂದು ಸಲ ಕರುಳಿನಲ್ಲಿ ಮೇಲೆ ಕೆಳಗೆ ಓಡಾಡುತ್ತದೆ! ಇಲಿ ರಾತ್ರಿ ತಿನ್ನುವ ಪ್ರಾಣಿ. ಅದು ತಿಂದ ಹೊತ್ತಿಗೆ ಹುಳು ಜಠರದ ಕಡೆಗೆ ಏರುತ್ತದೆ, ಹಗಲಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ಇಲಿಗೆ ಹಗಲು ಮಾತ್ರ ತಿನ್ನಲು ಕೊಟ್ಟರೆ ಹುಳುವಿನ ಓಡಾಟದ ಹೊತ್ತೂ ತಲೆಕೆಳಗಾಗುತ್ತದೆ. ಹುಳು ನೋಡಿಕೊಳ್ಳುವುದು ಗಡಿಯಾರವನ್ನಲ್ಲ, ಇಲಿಯ ಊಟವನ್ನು.

ಅದೇ 1969ರಲ್ಲಿ ಬ್ರಾಟೆನ್ ಮತ್ತು ಹಾಪ್ಕಿನ್ಸ್ ಮಾಡಿದ ಪ್ರಯೋಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಒಂದು ಇಲಿಯಿಂದ ಹುಳು ತೆಗೆದು ಇನ್ನೊಂದು ಇಲಿಯ ಕರುಳಿಗೆ, ಬೇಕೆಂತಲೇ ತಪ್ಪು ಜಾಗಕ್ಕೆ, ಶಸ್ತ್ರಕ್ರಿಯೆ ಮಾಡಿ ಸೇರಿಸಿದರು. ಹುಳು ಸಾಯಲಿಲ್ಲ, ಕೊಚ್ಚಿಯೂ ಹೋಗಲಿಲ್ಲ. ತನ್ನ ಮಾಮೂಲಿ ಜಾಗಕ್ಕೆ ವಾಪಸ್ ನಡೆದುಕೊಂಡು ಹೋಯಿತು. ನಿಮ್ಮ ಬೀಜ ಹೀಗೆ ಮಾಡುವುದಿಲ್ಲ ಅಲ್ವಾ?

ಮರಿಯಾಗಿದ್ದಾಗ ಅದು ಹಿಡಿಯುವ ಜಾಗವೇ ಬೇರೆ, ಬೆಳೆಯುತ್ತಾ ಮುಂದಕ್ಕೆ ಸರಿದು ಸೇರುವ ಜಾಗವೇ ಬೇರೆ. ಇದೂ ಅದೇ ಕೆಲಸದಲ್ಲಿ ಕಂಡದ್ದು.

ಪ್ರಶ್ನೆಗಾರ:
ಸರ್, ಆ ವಾಪಸ್ ನಡೆದ ಹುಳುವಿನ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ "ಬುದ್ಧಿ" ವಿಷಯ? ಅದಕ್ಕೆ ಒಳಗೆ ನಕ್ಷೆ ಇದೆಯೇ?

ಹಳೇಸಂಶೋಧಕ:
ನಕ್ಷೆ ಬೇಕಾಗಿಲ್ಲ. ಮೈಕೆಲ್ ಸುಖದೇವ್ ಎಂಬ ಪರಾವಲಂಬಿ ವಿಜ್ಞಾನಿ ವಾದಿಸಿದ್ದೇ ಇದು, ನನಗೂ ಅದೇ ಸರಿ ಅನ್ನಿಸುತ್ತದೆ. ಹೊರಗಿನ ಪ್ರಪಂಚ ಗಳಿಗೆಗೊಂದು ರೀತಿ ಬದಲಾಗುತ್ತದೆ, ಅಲ್ಲಿ ಬದುಕುವ ಪ್ರಾಣಿ ಹುಡುಕಬೇಕು, ಅಳೆಯಬೇಕು, ಕಲಿಯಬೇಕು. ಕರುಳಿನ ಒಳಗೆ ಹಾಗಲ್ಲ. ಜಠರ ಆದ ಮೇಲೆ ಪಿತ್ತರಸ ಬಂದೇ ಬರುತ್ತದೆ, ಯಾವತ್ತೂ ಅದಲುಬದಲಾಗುವುದಿಲ್ಲ. ಅಷ್ಟು ಭರವಸೆಯ ಜಾಗದಲ್ಲಿ ಕೆಲವೇ ಕೆಲವು ಸಿದ್ಧ ಪ್ರತಿಕ್ರಿಯೆ ಸಾಕು. ಹುಳಿ ತಾಗಿದರೆ ಇದು ಮಾಡು, ಪಿತ್ತ ತಾಗಿದರೆ ಅದು ಮಾಡು. ಪಿತ್ತರಸ ತಾಗಿದಾಗ ಲಾಡಿಹುಳುವಿನ ಮರಿ ಚುರುಕಾಗಿ ಒಳಗೆ ಮಡಚಿಟ್ಟಿದ್ದ ತಲೆಯನ್ನು ಹೊರಗೆ ಚಾಚುತ್ತದೆ. ಗಾಜಿನ ಬಟ್ಟಲಿನಲ್ಲೂ ಇದನ್ನು ಮಾಡಿಸಬಹುದು. ಬಿಸಿ ನೀರಿನ ತೊಟ್ಟಿಯ ಮೇಲೆ ಬಟ್ಟಲಿಟ್ಟು ಪಿತ್ತಲವಣದ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ಮೊದಲು ಸುಮ್ನೆ ಬಿದ್ದಿದ್ದ ಕಾಳಿನಂಥದ್ದು ನಿಧಾನಕ್ಕೆ ಒದ್ದಾಡಲು ಶುರುಮಾಡುತ್ತದೆ, ಆಮೇಲೆ ತಟ್ಟನೆ ತಲೆ ಈಚೆ ಬರುತ್ತದೆ, ಹೀರುಬಟ್ಟಲುಗಳು ಒಂದೊಂದಾಗಿ ತಡಕಾಡುತ್ತವೆ. ನಾನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲ ಉಸಿರು ಬಿಗಿಹಿಡಿದೇ ನೋಡಿದ್ದೇನೆ.

ಬೆಳ್ಳಿಚುಕ್ಕಿ:
ಹಾಗಾದರೆ ಇನ್ನೊಂದು ಕೇಳುತ್ತೇನೆ. ದುಂಡುಹುಳುವಿನ ಮೊಟ್ಟೆ ಒಡೆಯುವುದೇ ಕರುಳಿನಲ್ಲಿ. ಕೊನೆಗೆ ಬದುಕುವುದೂ ಕರುಳಿನಲ್ಲಿ. ಆದರೆ ನಡುವೆ ಯಕೃತ್ತು, ಹೃದಯ, ಶ್ವಾಸಕೋಶ ಎಲ್ಲ ಸುತ್ತಿ, ಗಂಟಲಿಗೆ ಹತ್ತಿ, ಮತ್ತೆ ನುಂಗಿಸಿಕೊಂಡು ಅದೇ ಕರುಳಿಗೆ ಬರುತ್ತದೆ. ಇದ್ದಲ್ಲೇ ಇರಬಹುದಿತ್ತಲ್ಲ?

ಗಾಜಿನಪಟ್ಟಿ:
ಈ ಸುತ್ತಾಟ ಖಚಿತ ಆದದ್ದರ ಹಿಂದೆ ಒಂದು ಕಥೆ ಇದೆ. 1922ರಲ್ಲಿ ಜಪಾನಿನ ಶಿಮೆಸು ಕೊಯಿನೊ ಎಂಬ ವೈದ್ಯರು ದುಂಡುಹುಳುವಿನ 2000 ಮೊಟ್ಟೆಗಳನ್ನು ತಾವೇ ನುಂಗಿದರು. ಕೆಲವು ದಿನಕ್ಕೆ ಜ್ವರ, ಕೆಮ್ಮು. ಕೆಮ್ಮಿ ಉಗುಳಿದ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಹುಳುವಿನ ಮರಿಗಳು! ಕೊಕ್ಕೆಹುಳುವಿನದೂ ಹಾಗೇ ಗೊತ್ತಾದದ್ದು. 1898ರ ಸುಮಾರಿಗೆ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಮರಿಗಳಿದ್ದ ನೀರು ಆಕಸ್ಮಿಕವಾಗಿ ಚೆಲ್ಲಿತು, ಚರ್ಮ ಉರಿಯಿತು, ವಾರಗಳಾದ ಮೇಲೆ ಅವರ ಮಲದಲ್ಲೇ ಮೊಟ್ಟೆ ಕಂಡವು. ಕೊಕ್ಕೆಹುಳುವಿಗೆ ಈ ಸುತ್ತು ಅನಿವಾರ್ಯ. ಅದು ಹೆಚ್ಚಾಗಿ ಬರುವುದು ಚರ್ಮ ತೂರಿ, ರಕ್ತದ ದಾರಿ ಹಿಡಿದರೆ ಶ್ವಾಸಕೋಶಕ್ಕೆ ಹೋಗಲೇಬೇಕು. ದುಂಡುಹುಳು ಯಾಕೆ ಸುತ್ತುತ್ತದೆ ಅನ್ನುವುದನ್ನು ಹಳೇಸಂಶೋಧಕ ಸರ್ ಹೇಳಲಿ.

ಹಳೇಸಂಶೋಧಕ:
ಇದಕ್ಕೆ ಬಹಳ ಕಾಲ ಹೇಳುತ್ತಿದ್ದ ಉತ್ತರ, "ಪೂರ್ವಜರು ಚರ್ಮದಿಂದ ಬರುತ್ತಿದ್ದರು, ಹಳೇ ದಾರಿಯ ಚಾಳಿ ಉಳಿದಿದೆ" ಅಂತ. 1995ರಲ್ಲಿ ರೀಡ್ ಮತ್ತು ಸ್ಕಾರ್ಪಿಂಗ್ ಬೇರೆ ಬೇರೆ ಜಾತಿಯ ಹುಳುಗಳನ್ನು ಹೋಲಿಸಿ ನೋಡಿದರು. ಈ ರೀಡ್ ಬೇರೆಯವರು, ನಾನು ಮೊದಲು ಹೇಳಿದವರಲ್ಲ. ದೇಹದ ಮಾಂಸ ಮಜ್ಜೆಯ ಒಳಗೆ ಸುತ್ತಿ ಬರುವ ಜಾತಿಗಳು, ಕರುಳಿನಲ್ಲೇ ಉಳಿಯುವ ಹತ್ತಿರದ ನೆಂಟರಿಗಿಂತ ದೊಡ್ಡದಾಗಿ ಬೆಳೆಯುತ್ತವೆ ಅಂತ ಕಂಡಿತು. ಹೆಣ್ಣುಹುಳು ದೊಡ್ಡದಾದರೆ ಮೊಟ್ಟೆ ಜಾಸ್ತಿ. ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅಂದಮೇಲೆ ಈ ಸುತ್ತಾಟ ಬರೀ ಹಳೇ ಚಾಳಿ ಅಲ್ಲ, ಮರಿಗೆ ಒಳ್ಳೆ ಮೇವು.

ಈಗ ಇದಕ್ಕೆ ಪೂರಾ ಉಲ್ಟಾ ಒಂದು ಹುಳು ಇದೆ, ಚಾಟಿಹುಳು. ಸುತ್ತಾಟವೇ ಇಲ್ಲ. ನುಂಗಿದ ಮೊಟ್ಟೆ ಜಠರದಲ್ಲಿ ಒಡೆಯುವುದಿಲ್ಲ. ಕುರುಡುಕರುಳಿಗೆ ಬಂದಾಗ ಒಡೆಯುತ್ತದೆ, ಮರಿ ಅಲ್ಲೇ ಗೋಡೆ ಹೊಕ್ಕು ಅಲ್ಲೇ ದೊಡ್ಡದಾಗುತ್ತದೆ. ಮೊಟ್ಟೆಗೆ ಕುರುಡುಕರುಳು ಬಂತು ಅಂತ ಹೇಗೆ ಗೊತ್ತು? ಇಲಿಯ ಚಾಟಿಹುಳುವಿನ ಮೇಲೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಮಾಡಿದ ಕೆಲಸ 2010ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ! ಈ. ಕೋಲೈ ಬ್ಯಾಕ್ಟೀರಿಯಾ ಮೊಟ್ಟೆಯ ತುದಿಯ ಬಿರಡೆಗೆ ತನ್ನ ಮೈಮೇಲಿನ ರೋಮದಂಥ ಎಳೆಗಳಿಂದ ಅಂಟಿಕೊಂಡರೆ, 37 ಡಿಗ್ರಿ ಬಿಸಿಯಲ್ಲಿ ಮೊಟ್ಟೆ ಒಡೆಯುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಒಡೆಯುವುದಿಲ್ಲ. ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ಹುಳು ಕಡಿಮೆ ನೆಲೆಸಿದವು. ಬ್ಯಾಕ್ಟೀರಿಯಾ ಎಲ್ಲಿ ಕಿಕ್ಕಿರಿದಿರುತ್ತವೋ ಅದೇ ಅದರ ಊರು, ಗುರುತೂ ಅದೇ.

ಗಾಜಿನಪಟ್ಟಿ:
ಅಯ್ಯೋ, ಆ ಬಿರಡೆ! ಚಾಟಿಹುಳುವಿನ ಮೊಟ್ಟೆ ನನ್ನ ಕಣ್ಣಿಗೆ ಬಹಳ ಪ್ರೀತಿ. ಕಂದು ಬಣ್ಣದ ಪುಟ್ಟ ಪೀಪಾಯಿ, ಎರಡೂ ತುದಿಗೆ ಗಾಜಿನಂಥ ಬಿರಡೆ. ಇಷ್ಟು ವರ್ಷ ದಿನಾ ನೋಡಿದ್ದೇನೆ, ಅದು ಬಾಗಿಲು, ಬ್ಯಾಕ್ಟೀರಿಯಾ ಬಂದು ತಟ್ಟುವ ಬಾಗಿಲು ಅಂತ ಇವತ್ತು ಗೊತ್ತಾಯಿತು. ಧನ್ಯವಾದ ಸರ್.

ಎರಡುಮಕ್ಕಳತಾಯಿ:
ನಾನು ವಿಜ್ಞಾನ ಓದಿದವಳಲ್ಲ, ಮಧ್ಯೆ ಬಂದೆ, ಕ್ಷಮಿಸಿ. ನನ್ನ ಚಿಕ್ಕ ಮಗಳು ರಾತ್ರಿ ಮಲಗಿದ ಮೇಲೆ ಅಳುತ್ತಾ ಏಳುತ್ತಿದ್ದಳು, ಕೂರುವ ಜಾಗದಲ್ಲಿ ತುರಿಕೆ. ಮಲಪರೀಕ್ಷೆ ಮಾಡಿಸಿದೆ. "ಹುಳು ಇಲ್ಲ" ಅಂತ ಬಂತು. ಮತ್ತೆ ಮಾಡಿಸಿದೆ, ಮತ್ತೆ ಇಲ್ಲ. ಅಲ್ಲಿದ್ದವರು "ಮಗು ಸುಳ್ಳು ಹೇಳುತ್ತಿದೆ, ಶಾಲೆಗೆ ಹೋಗಲು ಇಷ್ಟ ಇಲ್ಲ ಅಷ್ಟೇ" ಅಂದರು. ನಾನೂ ಒಂದು ರಾತ್ರಿ ಗದರಿಸಿಬಿಟ್ಟೆ. ಅದು ಇವತ್ತಿಗೂ ನೋವು. ಕೊನೆಗೆ ಒಂದು ರಾತ್ರಿ ಅವಳು ಮಲಗಿ ಒಂದೆರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಬಿಳಿ ದಾರದ ತುಂಡಿನ ಹಾಗೆ, ಸೆಂಟಿಮೀಟರ್ ಉದ್ದದ್ದು, ಮೂರು ನಾಲ್ಕು, ಅಲುಗಾಡುತ್ತಿದ್ದವು. ಹಾಗಾದರೆ ಪರೀಕ್ಷೆಯಲ್ಲಿ ಯಾಕೆ ಬರಲಿಲ್ಲ?

ಗಾಜಿನಪಟ್ಟಿ:
ಅಕ್ಕಾ, ಮೊದಲು ಒಂದು ಮಾತು. ನಿಮ್ಮ ಮಗಳು ನಿಜ ಹೇಳಿದ್ದಳು. ನೀವು ಎದ್ದು ಟಾರ್ಚ್ ಹಿಡಿದದ್ದೇ ಸರಿಯಾದ ಪರೀಕ್ಷೆ.

ಇದು ಸೂಜಿಹುಳು. ಇಲ್ಲಿ ನಡೆಯುತ್ತಿರುವ ಚರ್ಚೆಗೆ ಇದು ನೇರ ಸಂಬಂಧ. ಈ ಹುಳು ವಾಸ ಮಾಡುವುದು ಕುರುಡುಕರುಳಿನಲ್ಲಿ, ಆದರೆ ಬೇರೆ ಹುಳುಗಳ ಹಾಗೆ ಅಲ್ಲಿ ಮೊಟ್ಟೆ ಇಡುವುದಿಲ್ಲ. ಹೆಣ್ಣುಹುಳು ಬಸಿರು ತುಂಬಿದ ಮೇಲೆ ದೊಡ್ಡ ಕರುಳಿನ ಉದ್ದಕ್ಕೂ ಇಳಿದು, ರಾತ್ರಿ ಮಗು ಮಲಗಿದ ಹೊತ್ತಿಗೆ ಗುದದಿಂದ ಹೊರಗೆ ಬಂದು, ಚರ್ಮದ ಮೇಲೆ 10 ಸಾವಿರದಷ್ಟು ಮೊಟ್ಟೆ ಅಂಟಿಸುತ್ತದೆ. ತುರಿಕೆ ಅದಕ್ಕೇ. ಮೊಟ್ಟೆ ಮಲದಲ್ಲಿ ಇಲ್ಲ, ಚರ್ಮದ ಮೇಲಿದೆ. ನಾವು ಮಲದಲ್ಲಿ ಹುಡುಕಿದರೆ ಹೆಚ್ಚಿನ ಸಲ ಸಿಗುವುದೇ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮುಂಚೆ, ಸೆಲೋಟೇಪಿನ ಅಂಟು ಬದಿಯನ್ನು ಆ ಜಾಗಕ್ಕೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿ ತಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಪರೀಕ್ಷೆ ಮಾಡುವವರು ಇದನ್ನು ನಿಮಗೆ ಹೇಳಬೇಕಿತ್ತು.

ಮೊಟ್ಟೆ ಕೆಲವೇ ಗಂಟೆಗಳಲ್ಲಿ ಸೋಂಕು ಹರಡುವ ಸ್ಥಿತಿಗೆ ಬರುತ್ತದೆ. ಮಗು ತುರಿಸಿಕೊಂಡ ಉಗುರಿನಿಂದ ಬಾಯಿಗೆ, ಹಾಸಿಗೆಗೆ, ಅಕ್ಕಪಕ್ಕ ಮಲಗಿದವರಿಗೆ. ಅದಕ್ಕೇ ವೈದ್ಯರು ಸಾಮಾನ್ಯವಾಗಿ ಮನೆಯವರಿಗೆಲ್ಲ ಔಷಧಿ ಕೊಟ್ಟು ಎರಡು ವಾರದ ನಂತರ ಮತ್ತೊಮ್ಮೆ ಕೊಡುತ್ತಾರೆ. ಮಗು ಕೊಳಕು ಅಂತ ಇದರ ಅರ್ಥ ಅಲ್ಲ. ದಯವಿಟ್ಟು ಅವಳಿಗೆ ಇದನ್ನು ಹೇಳಿ.

ಎರಡುಮಕ್ಕಳತಾಯಿ:
ಹೇಳುತ್ತೇನೆ. ನಾಳೆ ಬೆಳಿಗ್ಗೆಯೇ ಹೇಳುತ್ತೇನೆ.

ಕುರಿಡಾಕ್ಟ್ರು:
ಇಷ್ಟೊತ್ತು ಒಂದೊಂದೇ ಹುಳುವಿನ ಬಗ್ಗೆ ಮಾತಾಡಿದೆವು. ಆದರೆ ನಾನು ಕೊಯ್ದು ನೋಡುವ ಪ್ರಾಣಿಗಳಲ್ಲಿ ಒಂದೇ ಜಾತಿ ಇರುವುದು ಅಪರೂಪ, ನಾಲ್ಕೈದು ಜಾತಿ ಒಟ್ಟಿಗೆ ಇರುತ್ತವೆ. ಅಕ್ಕಪಕ್ಕದವರ ಕಾಟದಿಂದಲೂ ಜಾಗ ಬದಲಾಗುತ್ತದೆಯೇ ಸರ್?

ಹಳೇಸಂಶೋಧಕ:
ಬದಲಾಗುತ್ತದೆ. 1961ರಲ್ಲಿ ಜಾನ್ ಹೋಮ್ಸ್ ಮಾಡಿದ ಕೆಲಸ ಇವತ್ತಿಗೂ ಪಾಠ ಮಾಡುತ್ತಾರೆ. ನಾನು ಹೇಳಿದ ಅದೇ ಇಲಿಯ ಲಾಡಿಹುಳು, ಜೊತೆಗೆ ಮೊನಿಲಿಫಾರ್ಮಿಸ್ ಎಂಬ ಮುಳ್ಳುತಲೆ ಹುಳು. ಅದಕ್ಕೂ ಬಾಯಿಲ್ಲ, ಅದೂ ಮೈಯಿಂದಲೇ ಹೀರುವುದು. ಬೇರೆ ಬೇರೆ ಇಲಿಗಳಲ್ಲಿ ಒಂಟಿಯಾಗಿ ಬಿಟ್ಟರೆ ಎರಡೂ ಸಣ್ಣ ಕರುಳಿನ ಮುಂಭಾಗವನ್ನೇ ಹಿಡಿಯುತ್ತವೆ, ಸಕ್ಕರೆ ಇರುವುದು ಅಲ್ಲೇ. ಒಂದೇ ಇಲಿಯಲ್ಲಿ ಒಟ್ಟಿಗೆ ಬಿಟ್ಟರೆ ಮುಳ್ಳುತಲೆ ಹುಳು ಮುಂದೆ ಉಳಿಯುತ್ತದೆ, ಲಾಡಿಹುಳು ಹಿಂದೆ ಸರಿಯುತ್ತದೆ, ಗಾತ್ರವೂ ಕುಗ್ಗುತ್ತದೆ.

ಇನ್ನೊಂದು ಆಮೆಯದು. 1963ರಲ್ಲಿ ಗೆರ್ಹಾರ್ಡ್ ಶಾಡ್ ಪ್ರಕಟಿಸಿದ್ದು. ಆಮೆಯ ದೊಡ್ಡ ಕರುಳಿನಲ್ಲಿ ಟ್ಯಾಕಿಗೊನೆಟ್ರಿಯ ಎಂಬ ಒಂದೇ ಕುಲದ ಹಲವು ಜಾತಿ ಹುಳುಗಳು ಒಟ್ಟಿಗೆ ಇರುತ್ತವೆ. ಗಮನಿಸಿ ನೋಡಿದರೆ ಕರುಳಿನ ಉದ್ದಕ್ಕೆ ಹಂಚಿಕೊಂಡದ್ದು ಮಾತ್ರ ಅಲ್ಲ, ಕೆಲವು ಗೋಡೆಯ ಬದಿಗೆ, ಕೆಲವು ನಡುವೆ.

ಆದರೆ ಜಾಗ ಕಿರಿದಾಗಲು ಯಾವಾಗಲೂ ಪೈಪೋಟಿಯೇ ಕಾರಣ ಅಂತ ಹೇಳಲಾಗದು. ಕ್ಲಾಸ್ ರೋಡೆ ಎಂಬವರು 1979ರಲ್ಲಿ ಬೇರೆ ಮಾತು ಮುಂದಿಟ್ಟರು, ನನಗೆ ಅದು ಬಹಳ ಇಷ್ಟ. ಪೈಪೋಟಿ ಮಾಡಲು ಯಾರೂ ಇಲ್ಲದ ಕಡೆಯೂ ಹುಳುಗಳು ಕಿರಿದಾದ ಜಾಗಕ್ಕೇ ಅಂಟಿಕೊಂಡಿರುತ್ತವೆ. ಯಾಕೆ? ಜೋಡಿ ಸಿಗಲಿ ಅಂತ. ಅಷ್ಟು ಉದ್ದದ ಕರುಳಿನಲ್ಲಿ ಒಂದು ಗಂಡು, ಒಂದು ಹೆಣ್ಣು ಎಲ್ಲೆಲ್ಲೋ ಇದ್ದರೆ ಭೇಟಿ ಆಗುವುದು ಯಾವಾಗ? ಇಬ್ಬರಿಗೂ ಒಂದೇ ಜಾಗದ ಗುರುತಿದ್ದರೆ ಹುಳು ನಾಲ್ಕೇ ಇದ್ದರೂ ವಂಶ ಉಳಿಯುತ್ತದೆ.

ಪ್ರಶ್ನೆಗಾರ:
ಇದು ನನಗೆ ಹೊಸದು, ಮನಸ್ಸಿಗೂ ಹತ್ತಿತು. ಹಾಗಾದರೆ ಗುರುತು ತಪ್ಪಿದಾಗ ಏನಾಗುತ್ತದೆ?

ಕುರಿಡಾಕ್ಟ್ರು:
ಅಲ್ಲೇ ಕಷ್ಟ ಶುರು. ನಾಯಿ ಬೆಕ್ಕಿನ ಕೊಕ್ಕೆಹುಳುವಿನ ಮರಿ ಮನುಷ್ಯನ ಚರ್ಮಕ್ಕೆ ಹೊಕ್ಕರೆ ಸಾಮಾನ್ಯವಾಗಿ ಮುಂದಿನ ದಾರಿ ಸಿಗುವುದಿಲ್ಲ. ಚರ್ಮದ ಅಡಿಯಲ್ಲೇ ವಾರಗಟ್ಟಲೆ ಅಲೆಯುತ್ತದೆ. ಕಾಲಿನ ಮೇಲೆ ಕೆಂಪಗೆ ಅಂಕುಡೊಂಕು ಗೆರೆ, ದಿನಕ್ಕಿಷ್ಟು ಮುಂದಕ್ಕೆ, ಸಹಿಸಲಾಗದ ತುರಿಕೆ. ನಾಯಿಯ ದುಂಡುಹುಳುವಿನ ಮರಿಯೂ ಹಾಗೆ. ಮಕ್ಕಳ ಯಕೃತ್ತು, ಕೆಲವೊಮ್ಮೆ ಕಣ್ಣಿಗೂ ಹೋಗುತ್ತದೆ, ಕರುಳಿಗೆ ಬಂದು ದೊಡ್ಡ ಹುಳುವಾಗುವುದಿಲ್ಲ. ನಾಯಿಮರಿಗಳಿಗೆ ಹೊತ್ತಿಗೆ ಸರಿಯಾಗಿ ಜಂತಿನ ಔಷಧಿ ಹಾಕಿಸಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಗಾಜಿನಪಟ್ಟಿ:
ಸರಿಯಾದ ಮನೆಯಲ್ಲೇ ಇದ್ದ ಹುಳು ಮನೆ ಬಿಟ್ಟರೂ ಅಪಾಯ. ಜ್ವರ ಬಂದಾಗ, ಅರಿವಳಿಕೆ ಕೊಟ್ಟಾಗ ದುಂಡುಹುಳು ಅಲೆಯಲು ಶುರುಮಾಡುತ್ತದೆ. ಪಿತ್ತನಾಳದ ಬಾಯಿ ಸಿಕ್ಕಿದರೆ ಅದರೊಳಗೆ ನುಗ್ಗಿಬಿಡುತ್ತದೆ. ತಡೆಯಲಾಗದ ಹೊಟ್ಟೆನೋವು, ಕಾಮಾಲೆ. ಕೆಲವೊಮ್ಮೆ ಬಾಯಿ ಮೂಗಿನಿಂದಲೂ ಹೊರಗೆ ಬರುತ್ತದೆ.

ಹುಳು ಮನೆಯಲ್ಲೇ ಇದ್ದರೂ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಕಾಯಿಲೆ ನಿಂತಿದೆ. ಮೀನಿನಿಂದ ಬರುವ ಅಗಲ ಲಾಡಿಹುಳು ಬಿ12 ಜೀವಸತ್ವವನ್ನು ತಾನೇ ಕಬಳಿಸುತ್ತದೆ. ನಮ್ಮ ದೇಹ ಬಿ12 ಹೀರುವುದು ಸಣ್ಣ ಕರುಳಿನ ಕೊನೆಯಲ್ಲಿ. ಹುಳು ಮೇಲೆ ಕೂತಷ್ಟೂ ನಮಗೆ ತಲುಪುವುದು ಕಡಿಮೆ, ರಕ್ತಹೀನತೆ ಜಾಸ್ತಿ. ಕೊಕ್ಕೆಹುಳು ಇನ್ನೊಂದು ರೀತಿ. ಅದು ಗೋಡೆಯ ಒಂದು ಚೂರನ್ನು ಬಾಯೊಳಗೆ ಎಳೆದುಕೊಂಡು ಕಚ್ಚುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ರಸ ಬಿಡುತ್ತದೆ, ಸ್ವಲ್ಪ ಹೊತ್ತಿಗೆ ಜಾಗ ಬದಲಾಯಿಸುತ್ತದೆ. ಬಿಟ್ಟುಹೋದ ಗಾಯ ಜಿನುಗುತ್ತಲೇ ಇರುತ್ತದೆ. ಕೊಕ್ಕೆಹುಳುಗಳಲ್ಲಿ ಆಂಕಿಲೋಸ್ಟೋಮ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಹೋಗುವ ರಕ್ತ 0.15ರಿಂದ 0.2 ಮಿಲಿಲೀಟರ್, ನೆಕೇಟರ್ ಜಾತಿಯದಾದರೆ ಸುಮಾರು 0.03. ಹನಿಯಷ್ಟೇ ಅನ್ನಿಸುತ್ತದೆ. ನೂರು ಹುಳು ಇರುವ ಬಸುರಿ ಹೆಂಗಸಿನ ರಕ್ತದ ಲೆಕ್ಕ ಹಾಕಿ ನೋಡಿ. ಮಣ್ಣಿನಿಂದ ಹರಡುವ ಇಂಥ ಹುಳುಗಳು ಪ್ರಪಂಚದಲ್ಲಿ ಸುಮಾರು 150 ಕೋಟಿ ಜನರಲ್ಲಿವೆ.

ಬೆಳ್ಳಿಚುಕ್ಕಿ:
ಆ ಪಟ್ಟಿಯನ್ನು ಹರಿದುಹಾಕಿ ಮತ್ತೆ ಬರೆದೆ. ಈ ಸಲ ಪಟ್ಟಿ ಅಲ್ಲ, ಒಂದು ಉದ್ದ ಕರುಳಿನ ಚಿತ್ರ. ಒಂದೊಂದು ಹುಳುವಿನ ಪಕ್ಕದಲ್ಲಿ ಅದಕ್ಕೆ ಕರೆ ಕೊಡುವ ಗುರುತು ಬರೆದಿದ್ದೇನೆ. ಹುಳಿ, ಪಿತ್ತ, ಇಂಗಾಲದ ಡೈಆಕ್ಸೈಡ್, ಬ್ಯಾಕ್ಟೀರಿಯಾ, ಊಟದ ಹೊತ್ತು. ಇಲಿಯ ಲಾಡಿಹುಳುವಿಗೆ ಮಾತ್ರ ಚುಕ್ಕಿ ಇಡಲಾಗಲಿಲ್ಲ, ಮೇಲೆ ಕೆಳಗೆ ಬಾಣ ಹಾಕಿದ್ದೇನೆ. ಸೂಜಿಹುಳುವಿಗೂ ಬಾಣ, ಹೊರಗಿನ ತನಕ. ಒಂದು ಅನುಮಾನ ಉಳಿದಿದೆ. ಚಾಟಿಹುಳು ಇಷ್ಟು ಸಪೂರ, ಅದು ದೊಡ್ಡ ಕರುಳಿನ ಗಟ್ಟಿ ಹರಿವಿನಲ್ಲಿ ಕೊಚ್ಚಿಹೋಗುವುದಿಲ್ಲವೇ?

ಹಳೇಸಂಶೋಧಕ:
ಹೋಗುವುದಿಲ್ಲ ಮಗಳೇ, ಅದು ಹೊಲಿದುಕೊಂಡಿರುತ್ತದೆ. ಅವಕಾಶ ಸಿಕ್ಕರೆ ಇಲಿಯ ಕುರುಡುಕರುಳನ್ನು ಸೀಳಿ ನೀರಿನ ಬಟ್ಟಲಿನಲ್ಲಿ ಹರಡಿ ನೋಡು. ಬಾಲದ ದಪ್ಪ ಭಾಗ ನೀರಿನಲ್ಲಿ ತೇಲಾಡುತ್ತಿರುತ್ತದೆ. ಮುಂಭಾಗ, ಅಂದರೆ ದೇಹದ ಅರ್ಧಕ್ಕಿಂತ ಜಾಸ್ತಿ, ಕೂದಲಿನಂಥದ್ದು, ಗೋಡೆಯ ಮೇಲ್ಪದರದ ಜೀವಕೋಶಗಳ ಒಳಗೆ ಅಂಕುಡೊಂಕಾಗಿ ತೂರಿಕೊಂಡಿರುತ್ತದೆ, ಬಟ್ಟೆಯ ಅಂಚಿಗೆ ದಾರ ಪೋಣಿಸಿದ ಹಾಗೆ. ಚಿಮಟದಿಂದ ಬಾಲ ಹಿಡಿದು ಎಳೆದರೆ ಬರುವುದಿಲ್ಲ. ಇನ್ನೂ ಎಳೆದರೆ ತುಂಡಾಗುತ್ತದೆ, ತಲೆ ಒಳಗೇ ಉಳಿಯುತ್ತದೆ. ಅವಸರ ಮಾಡಬೇಡ, ಸೂಜಿಯ ತುದಿಯಿಂದ ಮೇಲಿನ ಪದರವನ್ನು ಸ್ವಲ್ಪಸ್ವಲ್ಪವೇ ಬಿಡಿಸುತ್ತಾ ಹೋದರೆ ಪೂರ್ತಿ ಹುಳು ಸಿಗುತ್ತದೆ.